ಡೇರೆಯ ಸಭೆ, ಮನೆಯ ಮಾತು

ಡಿಸೆಂಬರಿನ ಮೊದಲ ವಾರದ ಹೊತ್ತಿಗೆ ಶೀಳನೆರೆ ಹೋಬಳಿಯ ಹೊಲಗಳಲ್ಲಿ ರಾಗಿ ಕೊಯ್ಲು ಮುಗಿಯುತ್ತ ಬಂದಿರುತ್ತದೆ. ಕೊಯ್ದ ಬೆಳೆಯನ್ನು ಮೆದೆ ಒಟ್ಟಿರುತ್ತಾರೆ; ಕಣ ಮಾಡಿ ಒಕ್ಕುವುದಕ್ಕೆ ಇನ್ನೂ ದಿನವಿರುತ್ತದೆ. ಇಬ್ಬನಿಯಲ್ಲಿ ಸೊಗಡು ಕಟ್ಟಿದ ಅವರೆಕಾಯಿ ಕೆ.ಆರ್. ಪೇಟೆಗೆ ಬರತೊಡಗುತ್ತದೆ. ಬೆಳೆ ಕೈಗೆ ಬಂದಿದೆ, ಕಣಜಕ್ಕೆ ಬಂದಿಲ್ಲ. ಪಶ್ಚಿಮದ ಪರಂಪರೆಯ ಕ್ರೈಸ್ತ ಸಭೆಗಳ ಆರಾಧನಾ ವರ್ಷ ಮೊದಲಾಗುವುದೂ ಈ ನಡುಗಾಲದಲ್ಲೇ. ಕ್ರಿಸ್ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಈ ಅವಧಿಗೆ ಆಗಮನ ಕಾಲವೆಂದು ಹೆಸರು. ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುವ ಭಾನುವಾರ ಇದರ ಆರಂಭ. ಹಬ್ಬ ಯಾವ ವಾರದಂದು ಬೀಳುತ್ತದೆ ಎನ್ನುವುದರ ಮೇಲೆ ಇದು ಇಪ್ಪತ್ತೆರಡು ದಿನದಿಂದ ಇಪ್ಪತ್ತೆಂಟು ದಿನದವರೆಗೆ ಹಿಗ್ಗಿ ಕುಗ್ಗುತ್ತದೆ. ಈ ಕಾಲವನ್ನು ಬಿಡದೆ ಉಳಿಸಿಕೊಂಡ ಲೂಥರನ್ ಪರಂಪರೆಗೆ ಶೀಳನೆರೆ ನೆಲೆಯೇನಲ್ಲ. ಮೈಸೂರು ಸೀಮೆಯ ಪ್ರಾಟೆಸ್ಟಂಟ್ ಸಭೆಗಳನ್ನು ಕಟ್ಟಿದವರಲ್ಲಿ ಮುಖ್ಯರು ವೆಸ್ಲಿಯನ್ ಮೆಥಡಿಸ್ಟರು. ಹಾಗಿದ್ದೂ ಇಲ್ಲಿಂದ ಪಾಂಡವಪುರ, ಮೇಲುಕೋಟೆ, ಶ್ರೀರಂಗಪಟ್ಟಣದ ಕಡೆಗೆ ಹೋಗಿ, ಅಲ್ಲಿಂದ ಘಟ್ಟ ಇಳಿದು ಮಂಗಳೂರು ಮುಟ್ಟುವ ದಾರಿ ಒಂದು ಪ್ರಶ್ನೆಗೆ ಉತ್ತರ ಹುಡುಕಲು ತಕ್ಕ ದಾರಿ. ಬೆರಳೆಣಿಕೆಯ ಜನರಿರುವ ಸಭೆಯೊಂದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದು ಯಾವುದು?

ಕಟ್ಟಡ ಎನ್ನುವವರಿದ್ದಾರೆ, ಹಣ ಎನ್ನುವವರಿದ್ದಾರೆ, ಪಾದ್ರಿಯ ಸಾಮರ್ಥ್ಯ ಎನ್ನುವವರೂ ಇದ್ದಾರೆ. ನನ್ನ ವಾದ ಬೇರೆ. ವರ್ಷದ ಕ್ರಮವೊಂದು ಮನೆಯ ಮಾತಿಗೆ ಇಳಿದರೆ ಸಣ್ಣ ಸಭೆ ಉಳಿಯುತ್ತದೆ. ಕ್ರಮ ಇದ್ದೂ ಮನೆಯ ಮಾತಿಗೆ ಇಳಿಯದಿದ್ದರೆ ಅದನ್ನು ತಂದವರೊಂದಿಗೇ ಹೊರಟುಹೋಗುತ್ತದೆ. ಇದಕ್ಕೆ ಆಗಮನ ಕಾಲವೇ ಒರೆಗಲ್ಲು. ಹಬ್ಬ ಆಚರಿಸಲು ದೀಪ, ತಿಂಡಿ, ಹೊಸ ಬಟ್ಟೆ ಬೇಕು. ಕಾಯುವುದಕ್ಕೆ ಅದಾವುದೂ ಬೇಡ. ಲೂಥರನ್ನರ ಹಳೆಯ ಪಾಠಕ್ರಮದಲ್ಲಿ ಈ ನಾಲ್ಕು ಭಾನುವಾರಗಳ ಸುವಾರ್ತಾ ಪಾಠಗಳು ಹಬ್ಬದ ತಯಾರಿಯಂತೆ ಕಾಣುವುದೇ ಇಲ್ಲ. ಮೊದಲ ವಾರ ಯೇಸು ಕತ್ತೆಯ ಮೇಲೆ ಜೆರೂಸಲೇಮಿಗೆ ಬರುವ ಪ್ರಸಂಗ. ಎರಡನೆಯ ವಾರ ಲೋಕಾಂತ್ಯದ ಸೂಚನೆಗಳು. ಮೂರನೆಯ ವಾರ ಸೆರೆಯಲ್ಲಿರುವ ಸ್ನಾನಿಕ ಯೋಹಾನ ತನ್ನ ಶಿಷ್ಯರ ಮೂಲಕ ಕೇಳಿಸುವ ಸಂದೇಹ: ಬರಬೇಕಾದವನು ಇವನೋ, ಇನ್ನೊಬ್ಬನಿಗಾಗಿ ಕಾಯಬೇಕೋ ಎಂದು. ನಾಲ್ಕನೆಯ ವಾರ ತಾನು ಕ್ರಿಸ್ತನಲ್ಲವೆಂದು ಅದೇ ಯೋಹಾನ ಹೇಳುವ ಸಾಕ್ಷ್ಯ. ನಾಲ್ಕು ವಾರವೂ ಕೂಸಿನ ಸುದ್ದಿ ಇಲ್ಲ. ವರ್ಷದ ಹೆಚ್ಚಿನ ಭಾನುವಾರಗಳಲ್ಲಿ ಹಾಡುವ ದೇವದೂತರ ಸ್ತುತಿಯನ್ನು ಆಗಮನ ಕಾಲದಲ್ಲಿ ಕೈಬಿಡುವ ವಾಡಿಕೆ. ಅದು ಹುಟ್ಟಿನ ಇರುಳಿನ ಹಾಡಾದ್ದರಿಂದ ಆ ಇರುಳಿಗೇ ಮರಳಬೇಕು. ಪಶ್ಚಿಮದ ಸಭೆಗಳಲ್ಲಿ ಬಹುಕಾಲ ಈ ವಾರಗಳಲ್ಲಿ ಸಂಭ್ರಮದ ಮದುವೆಗೆ ಅವಕಾಶವಿರಲಿಲ್ಲ. ಹೀಗೆ ತಡೆಹಿಡಿಯುವುದರಿಂದಲೇ ಕಟ್ಟಿದ ಆಚರಣೆಯನ್ನು ನಡೆಸಲು ಹತ್ತು ಜನರಿಗೂ ಆಗುತ್ತದೆ, ಸಾವಿರ ಜನರಿಗೂ ಆಗುತ್ತದೆ. ಹತ್ತು ಜನರಿಗೆ ಅದರ ಅಗತ್ಯ ಹೆಚ್ಚು.

ಕೆ.ಆರ್. ಪೇಟೆಯಿಂದ ಚಿನಕುರಳಿಯ ಮೇಲೆ ಪಾಂಡವಪುರಕ್ಕೆ ಬಂದರೆ ಈ ವಾದದ ಮೊದಲ ಸಾಕ್ಷ್ಯ ಸಿಗುತ್ತದೆ. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ದಂಡು ಇಲ್ಲಿ ಬೀಡುಬಿಟ್ಟಿದ್ದರಿಂದ ಹಿರೋಡೆ ಎಂಬ ಈ ಊರು ಬ್ರಿಟಿಷರ ದಾಖಲೆಗಳಲ್ಲಿ ಫ್ರೆಂಚ್ ರಾಕ್ಸ್ ಆಯಿತು. ಆ ಕಾಲದ ಮೈಸೂರು ಸೈನ್ಯದಲ್ಲಿ ಯೂರೋಪಿಯನ್ ಸಿಪಾಯಿಗಳಿದ್ದದ್ದು ಎಲ್ಲರಿಗೂ ಗೊತ್ತು. ಅವರಲ್ಲಿ ಜರ್ಮನರೂ ಇದ್ದರೆನ್ನುವುದು ಅಷ್ಟಾಗಿ ನೆನಪಿನಲ್ಲಿಲ್ಲ. ಅದನ್ನು ಬರೆದಿಟ್ಟವರು ಕ್ರಿಶ್ಚಿಯನ್ ಫ್ರೆಡರಿಕ್ ಶ್ವಾರ್ಟ್ಸ್. 1726ರಲ್ಲಿ ಬ್ರಾಂಡೆನ್‌ಬುರ್ಗ್ ಸೀಮೆಯಲ್ಲಿ ಹುಟ್ಟಿದ ಈ ಲೂಥರನ್ ಪಾದ್ರಿ, ಜೀಗೆನ್‌ಬಾಲ್ಗ್ 1706ರಲ್ಲಿ ತರಂಗಂಬಾಡಿಯಲ್ಲಿ ಆರಂಭಿಸಿದ ಮಿಷನ್ನಿಗೆ 1750ರಲ್ಲಿ ಬಂದು ಸೇರಿದರು. ತಿರುಚಿರಾಪಳ್ಳಿ, ತಂಜಾವೂರುಗಳಲ್ಲಿ ಬಾಳಿ 1798ರಲ್ಲಿ ತೀರಿಕೊಂಡರು. 1779ರಲ್ಲಿ ಮದರಾಸಿನ ಇಂಗ್ಲಿಷ್ ಸರಕಾರ ಹೈದರನ ಮನಸ್ಸು ತಿಳಿಯಲು ಇವರನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿತು. ಇಂಗ್ಲಿಷರ ದೂತರನ್ನು ನಂಬದ ಹೈದರ್ ಈ ಪಾದ್ರಿಯನ್ನು ನಂಬಿದ, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದ, ಹೊರಡುವಾಗ ದಾರಿ ಖರ್ಚಿಗೆಂದು ಮುನ್ನೂರು ರೂಪಾಯಿ ಕೊಟ್ಟ. ಶ್ವಾರ್ಟ್ಸ್ ಆ ಹಣವನ್ನು ಮದರಾಸಿನ ಸರಕಾರಕ್ಕೆ ಒಪ್ಪಿಸಹೋದರು. ಸರಕಾರ ತೆಗೆದುಕೊಳ್ಳದಿದ್ದಾಗ ತಂಜಾವೂರಿನ ಧರ್ಮಾರ್ಥ ಶಾಲೆಗೆ ಹಾಕಿದರು. ಸಂಧಾನ ಫಲಿಸಲಿಲ್ಲ, 1780ರ ಜುಲೈಯಲ್ಲಿ ಹೈದರನ ಸೈನ್ಯ ಕರ್ನಾಟಿಕ್ ಸೀಮೆಗೆ ನುಗ್ಗಿತು. ಆ ಯುದ್ಧದ ನಡುವೆಯೂ ಈ ಪಾದ್ರಿಯನ್ನು ಯಾರೂ ತಡೆಯಬಾರದೆಂದು ಹೈದರ್ ತನ್ನವರಿಗೆ ಅಪ್ಪಣೆ ಮಾಡಿದ್ದ.

ರಾಜಕಾರಣದ ಈ ಕಥೆಯ ಮಗ್ಗುಲಲ್ಲಿ ಶ್ವಾರ್ಟ್ಸ್ ಇನ್ನೊಂದು ಸಂಗತಿಯನ್ನು ದಾಖಲಿಸಿದ್ದಾರೆ. ಕೋಟೆಯ ಹೊರಗೆ ಬಿಡಾರ ಹೂಡಿದ್ದ ಯೂರೋಪಿಯನ್ನರಲ್ಲಿ ಒಂದು ಪಾಲು ಫ್ರೆಂಚರು, ಒಂದು ಪಾಲು ಜರ್ಮನರು. ತಿರುಚಿರಾಪಳ್ಳಿಯ ಕಡೆಯಿಂದ ಬಂದ ಕೆಲವು ತಮಿಳು ಕ್ರೈಸ್ತರೂ ಅಲ್ಲಿದ್ದರು. ಪ್ರತಿ ಭಾನುವಾರ ಜರ್ಮನಿನಲ್ಲೂ ತಮಿಳಿನಲ್ಲೂ ಆರಾಧನೆ ನಡೆಯಿತು. ಯಾರ ಅನುಮತಿಯನ್ನೂ ಕೇಳಲಿಲ್ಲ, ಯಾರೂ ಅಡ್ಡಿಪಡಿಸಲಿಲ್ಲ. ಕಾವೇರಿಯ ದಡದಲ್ಲಿ, ದಂಡಿನ ಡೇರೆಗಳ ನಡುವೆ ಕೂಡಿದ ಈ ಗುಂಪು ಇಂದಿನ ಮಂಡ್ಯ ಜಿಲ್ಲೆಯ ನೆಲದಲ್ಲಿ ನಮಗೆ ಖಚಿತವಾಗಿ ತಿಳಿದಿರುವ ಲೂಥರನ್ ಸಭೆ. ಅವರು ಅಲ್ಲಿ ಕೂಡಿದ್ದು ಮಳೆಗಾಲದ ಕೊನೆಯ ವಾರಗಳಲ್ಲಿ. ಆಗಮನ ಕಾಲ ಬರುವ ಮೊದಲೇ ಶ್ವಾರ್ಟ್ಸ್ ಹಿಂದಿರುಗಿದ್ದರು. ಆ ಸಿಪಾಯಿಗಳು ಆ ವರ್ಷದ ಕ್ರಿಸ್ಮಸ್ಸನ್ನು ಹೇಗೆ ಕಳೆದರೆಂದು ಊಹಿಸುವುದು ಕಾದಂಬರಿಕಾರನ ಕೆಲಸ. ವಾದಕ್ಕೆ ಬೇಕಾದದ್ದು ಇಷ್ಟೆ: ಆ ಸಭೆಗೆ ಕ್ರಮವಿತ್ತು, ಹಾಡಿತ್ತು, ಪಾದ್ರಿಯೂ ಸಿಕ್ಕಿದ್ದರು, ದೊರೆಯ ಅಡ್ಡಿಯೂ ಇರಲಿಲ್ಲ. ಆದರೂ ಅದು ಉಳಿಯಲಿಲ್ಲ. ಇದೇ ಶ್ರೀರಂಗಪಟ್ಟಣ ದ್ವೀಪಕ್ಕೆ 1799ರ ಮುತ್ತಿಗೆಯಲ್ಲಿ ಬಂದ ದ ಮ್ಯೂರಾನ್ ದಳದ ಸ್ವಿಸ್ ಮತ್ತು ಜರ್ಮನ್ ಸೈನಿಕರದೂ ಹೆಚ್ಚು ಕಡಿಮೆ ಇದೇ ಗತಿ. ಬ್ರಿಟಿಷ್ ದಂಡು ಜ್ವರಕ್ಕೆ ಹೆದರಿ 1809ರಲ್ಲಿ ಬೆಂಗಳೂರಿಗೆ ಹೋಯಿತು; ಕಾವೇರಿಯ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಸಮಾಧಿಗಳು ಉಳಿದವು. ಆ ಕಲ್ಲುಗಳ ಮೇಲಿನ ಹೆಸರುಗಳನ್ನು ಮನೆಯ ಹಿರಿಯರ ಹೆಸರೆಂದು ಹೇಳಿಕೊಳ್ಳುವ ಒಂದು ಕುಟುಂಬವೂ ಸುತ್ತಲಿನ ಊರುಗಳಲ್ಲಿ ಬೇರೂರಿದ್ದು ತಿಳಿದಿಲ್ಲ.

ಸಿಪಾಯಿಗಳು ಎಲ್ಲಿಯೂ ನೆಲೆ ನಿಲ್ಲುವವರಲ್ಲ, ಅವರ ಸಭೆ ಉಳಿಯದಿದ್ದುದಕ್ಕೂ ಭಾಷೆಗೂ ಏನು ಸಂಬಂಧ ಎಂದು ಇಲ್ಲಿ ಕೇಳಬಹುದು. ನ್ಯಾಯವಾದ ಆಕ್ಷೇಪ. ಅದಕ್ಕೆ ಉತ್ತರ ಅದೇ ದ್ವೀಪದ ಇನ್ನೊಂದು ಸಮುದಾಯದಲ್ಲಿದೆ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕವನ್ನೂ ವ್ಯಾಕರಣವನ್ನೂ ಬರೆದರು. ಅಂದಿನಿಂದ ಬೆಳೆದ ಮೈಸೂರು ಸೀಮೆಯ ಕ್ಯಾಥೊಲಿಕ್ ಸಮುದಾಯ ಟಿಪ್ಪುವಿನ ಕಾಲದಲ್ಲಿ ತೀರ ಕಷ್ಟಕ್ಕೆ ಸಿಕ್ಕಿತು. ಕರಾವಳಿಯಿಂದ 1784ರಲ್ಲಿ ಸೆರೆಹಿಡಿದು ತಂದ ಕೊಂಕಣಿ ಕ್ಯಾಥೊಲಿಕರು 1799ರವರೆಗೆ ಇಲ್ಲೇ ಉಳಿಯಬೇಕಾಯಿತು. ಪಾದ್ರಿಗಳನ್ನು ಹೊರಗಟ್ಟಲಾಗಿತ್ತು, ಇಗರ್ಜಿಗಳು ನೆಲಸಮವಾಗಿದ್ದವು. ಅಂದರೆ ಕಟ್ಟಡ, ಹಣ, ಪುರೋಹಿತ ಮೂರೂ ಇಲ್ಲದ ಹದಿನೈದು ವರ್ಷ. ಕೋಟೆ ಬಿದ್ದ ಮೇಲೆ ಕ್ಯಾಥೊಲಿಕ್ ಪಾದ್ರಿ ಅಬ್ಬೆ ದ್ಯುಬುವಾ ಬಂದು ಚದುರಿದವರನ್ನು ಕೂಡಿಸುವಾಗ, ಕೂಡಿಸಲು ಜನ ಇದ್ದರು. ಗಂಜಾಮಿನಲ್ಲಿ ಚರ್ಚು ಎದ್ದಿತು, ಪಾಲಹಳ್ಳಿಯ ಸಭೆ ಮುಂದುವರಿಯಿತು. ಕರಾವಳಿಯವರು ಮಂಗಳೂರಿಗೆ ಮರಳಿ ತಮ್ಮ ಸಭೆಗಳನ್ನು ಮತ್ತೆ ಕಟ್ಟಿದರು. ಸಂಖ್ಯೆಯ ಬಲವೂ ಅವರಿಗಿತ್ತು, ಒಪ್ಪೋಣ. ಆದರೆ ಚದುರಿಹೋದ ಜನರ ಸಂಖ್ಯೆ ತಾನಾಗಿ ಸಭೆಯಾಗಿ ಉಳಿಯುವುದಿಲ್ಲ. ಮನೆಯ ಜಗಲಿಯಲ್ಲಿ, ತಾಯಂದಿರ ಬಾಯಲ್ಲಿ ಹೇಳಬಹುದಾದ ಪ್ರಾರ್ಥನೆ ಇದ್ದವರು ಸಭೆಯನ್ನು ಹೊತ್ತು ತಂದರು. ಡೇರೆಯ ಜರ್ಮನ್ ಹಾಡನ್ನು ಶ್ರೀರಂಗಪಟ್ಟಣದ ಯಾವ ಮನೆಯ ತಾಯಿಯೂ ಮಗುವಿಗೆ ಹೇಳಿಕೊಡುವ ಸಾಧ್ಯತೆ ಇರಲಿಲ್ಲ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಒಡ್ಡುತ್ತದೆ. ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ನಸುಕಿನ ಪೂಜೆ, ಹುಗ್ಗಿಯ ನೈವೇದ್ಯ, ಆಂಡಾಳ್ ಹಾಡಿದ ಮೂವತ್ತು ಪಾಶುರಗಳ ತಿರುಪ್ಪಾವೈ. ಆಗಮನ ಕಾಲದ ಕೊನೆಯ ದಿನಗಳೂ ಧನುರ್ಮಾಸದ ಮೊದಲ ದಿನಗಳೂ ಪಂಚಾಂಗದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಎರಡರಲ್ಲೂ ಕಾಯುವುದೇ ವ್ರತ. ಧನುರ್ಮಾಸದಲ್ಲೂ ಮದುವೆಗೆ ಮುಹೂರ್ತವಿಡುವುದಿಲ್ಲ. ತಿರುಪ್ಪಾವೈ ತಮಿಳಿನದು, ಮೇಲುಕೋಟೆ ಕನ್ನಡ ನಾಡಿನದು. ರಾಮಾನುಜರ ಪರಂಪರೆ ಹನ್ನೆರಡನೆಯ ಶತಮಾನದಿಂದ ಇಲ್ಲಿ ನೆಲೆ ನಿಂತಿರುವಾಗ ಪರಭಾಷೆಯ ಹಾಡು ಉಳಿಯುವುದಿಲ್ಲ ಎನ್ನುವುದು ಹೇಗೆ ಸರಿಯಾಗುತ್ತದೆ? ಸುತ್ತಲಿನ ನಾಡಿನ ಭಾಷೆಯನ್ನಷ್ಟೇ ನೋಡಿದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಮನೆಯ ಭಾಷೆಯನ್ನು ನೋಡಿದರೆ ಇದೆ. ಮೇಲುಕೋಟೆಯ ಶ್ರೀವೈಷ್ಣವ ಮನೆಗಳಲ್ಲಿ ಕನ್ನಡ ಬೆರೆತ ಅಯ್ಯಂಗಾರ್ ತಮಿಳು ಇಂದಿಗೂ ಆಡುನುಡಿ. ಪಾಶುರ ಅವರಿಗೆ ಪರಭಾಷೆಯ ಪಾಠವಲ್ಲ. ಊರಿನ ಉಳಿದವರಿಗೆ ಧನುರ್ಮಾಸ ತಲುಪುವುದು ನಸುಕಿನ ಚಳಿ, ಹುಗ್ಗಿ, ವೈಕುಂಠ ಏಕಾದಶಿಯ ಬಾಗಿಲು, ಚೆಲುವನಾರಾಯಣನ ಕನ್ನಡ ಹಾಡುಗಳ ಮೂಲಕ. ಹಾಗಾಗಿ ಮೇಲುಕೋಟೆ ನನ್ನ ವಾದವನ್ನು ಮುರಿಯುವುದಿಲ್ಲ, ಹೆಚ್ಚು ಕರಾರುವಾಕ್ಕಾಗಿ ಹೇಳಿಸುತ್ತದೆ: ನಿಜವಾಗಿ ಎಣಿಕೆಗೆ ಬರುವುದು ರಾಜ್ಯದ ಭಾಷೆಯಲ್ಲ, ಒಲೆಯ ಮುಂದಿನ ಭಾಷೆ. ಬೆಂಗಳೂರಿನಲ್ಲೂ ಕೋಲಾರದ ಚಿನ್ನದ ಗಣಿಯ ಸುತ್ತಲೂ ಲೂಥರನ್ ಹೆಸರನ್ನೇ ಹೊತ್ತ ಸಭೆಗಳು ಬಹುಮಟ್ಟಿಗೆ ತಮಿಳು ಮಾತಾಡುವವರ ಸಭೆಗಳಾಗಿ ಉಳಿದಿರುವುದಕ್ಕೂ ಇದೇ ಕಾರಣ.

ಈಗ ಘಟ್ಟ ಇಳಿಯಬೇಕು. ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರ ಅಕ್ಟೋಬರ್ 30ರಂದು. ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 30, ಆಗಮನ ಕಾಲದ ಮೊದಲ ಭಾನುವಾರ. ಆ ಹೊತ್ತಿಗೆ ಅವರೂ ಶ್ರೀರಂಗಪಟ್ಟಣದ ಡೇರೆಯವರಷ್ಟೇ ಪರಕೀಯರು. ಸಂಖ್ಯೆಯಲ್ಲಿ ಅವರಿಗಿಂತ ಬಡವರು. ಬಾಸೆಲ್ ಮಿಷನ್ ಶುದ್ಧ ಲೂಥರನ್ ಸಂಸ್ಥೆಯಲ್ಲ, ಲೂಥರನ್ನರೂ ಸ್ವಿಸ್ ಸುಧಾರಿತ ಪಂಥದವರೂ ಕೂಡಿ ನಡೆಸಿದ್ದು. ಆದರೆ ಅದರ ಪಾದ್ರಿಗಳಲ್ಲಿ ಅನೇಕರು ವುರ್ಟೆಂಬರ್ಗಿನ ಲೂಥರನ್ ಮನೆಗಳಿಂದ ಬಂದವರು. ಕ್ಯಾಲ್ವಿನನ ಜಿನೀವಾ 1550ರಲ್ಲಿ ಭಾನುವಾರವೊಂದನ್ನು ಬಿಟ್ಟು ಎಲ್ಲ ಹಬ್ಬಗಳನ್ನೂ ಕೈಬಿಟ್ಟಿತ್ತೆನ್ನುವುದನ್ನು ನೆನೆದರೆ, ಹಬ್ಬಗಳ ವರ್ಷಕ್ರಮವನ್ನು ಬಿಡದೆ ಉಳಿಸಿಕೊಂಡದ್ದು ಲೂಥರನ್ನರ ಪಾಲಿನ ಬಳುವಳಿ. ವ್ಯತ್ಯಾಸ ಬಿದ್ದದ್ದು ಮುಂದಿನ ಹೆಜ್ಜೆಯಲ್ಲಿ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈಯಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಮಾಡಿಸಿದರು. ಹರಿದಾಸರ ಪದ ಅಚ್ಚಾದ ಊರಿನಲ್ಲೇ ಕ್ರೈಸ್ತರ ಕನ್ನಡ ಸ್ತುತಿಪದಗಳೂ ಅಚ್ಚಾದವು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದರು. ಅವರ 1894ರ ನಿಘಂಟನ್ನು ಎಲ್ಲರೂ ನೆನೆಯುತ್ತಾರೆ. ಒಂದು ಸಭೆಯ ಬಾಳಿಕೆಯ ದೃಷ್ಟಿಯಿಂದ ನೋಡಿದರೆ ‘ಕಥಾಮಾಲೆ’ ಹಿಡಿದ ದಾರಿ ಅದಕ್ಕಿಂತ ಮೊದಲು ನೆನೆಯಬೇಕಾದದ್ದು. ಓದುಬಾರದವರೂ ಬಾಯಿಪಾಠ ಮಾಡಿ ಮನೆಗೆ ಒಯ್ಯಬಹುದಾದದ್ದು ಹಾಡಿಗೆ ಒಗ್ಗುವ ಪದ್ಯವೇ.

ಯೂರೋಪಿನ ಚಳಿಗಾಲದ ಕತ್ತಲೆಗೆಂದು ಕಟ್ಟಿದ ಕಾಲವನ್ನು ಬಿಸಿಲಿನ ಕರಾವಳಿಗೆ ತಂದದ್ದು ವಸಾಹತುಶಾಹಿಯ ಹೇರಿಕೆಯಲ್ಲವೇ ಎಂಬ ಮಾತೂ ಇದೆ. ಬಂದವರ ಬೆನ್ನಿಗೆ ಸಾಮ್ರಾಜ್ಯವಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆಗಮನ ಕಾಲ ಯಾವುದೋ ಒಂದೇ ನೆಲದ ಸ್ವತ್ತಾಗಿ ಎಂದೂ ಇರಲಿಲ್ಲ. ಲೂಥರ್ 1524ರಲ್ಲಿ ಪ್ರಕಟಿಸಿದ ಆಗಮನದ ಕೀರ್ತನೆ, ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಆಂಬ್ರೋಸ್ ಲ್ಯಾಟಿನ್ನಿನಲ್ಲಿ ಕಟ್ಟಿದ್ದರ ಜರ್ಮನ್ ರೂಪ. ಮಕ್ಕಳಿಗಾಗಿ ಲೂಥರ್ ಬರೆದು 1535ರಲ್ಲಿ ಅಚ್ಚಾದ ಕ್ರಿಸ್ಮಸ್ ಹಾಡು ಮೊದಲು ಏರಿದ್ದು ಬೀದಿಯಲ್ಲಿ ಒಗಟು ಹೇಳುವ ಒಂದು ಲೌಕಿಕ ಹಾಡಿನ ಧಾಟಿಯ ಮೇಲೆ. ಈಗಿನ ಧಾಟಿ ಬಂದದ್ದು 1539ರಲ್ಲಿ. ಇಂದು ಲೂಥರನ್ ಸಭೆಗಳ ಗುರುತೇ ಆಗಿರುವ ಮೋಂಬತ್ತಿಯ ಹಸಿರು ಬಳೆಯೂ ಅಷ್ಟೇನೂ ಪುರಾತನವಲ್ಲ. ಹ್ಯಾಂಬರ್ಗಿನಲ್ಲಿ ದಿಕ್ಕಿಲ್ಲದ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಚ್ ವಿಚೆರ್ನ್, ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಕೇಳುತ್ತಲೇ ಇದ್ದ ಹುಡುಗರಿಗೆ ಎಣಿಕೆ ಕಾಣಲೆಂದು 1839ರಲ್ಲಿ ಗಾಡಿಯ ಚಕ್ರದ ಮೇಲೆ ದಿನಕ್ಕೊಂದು ಸಣ್ಣ ಕೆಂಪು ಬತ್ತಿ, ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ ನಿಲ್ಲಿಸಿದರು. ಮಂಗಳೂರಿಗೆ ಪಾದ್ರಿಗಳು ಬಂದು ಐದು ವರ್ಷವಾದ ಮೇಲಿನ ಮಾತಿದು. ಜರ್ಮನರ ಪಾಲಿಗೂ ಈ ಕಾಲ ಬೇರೆಡೆಯಿಂದ ಬಂದದ್ದೇ. ಬೀದಿಯ ಧಾಟಿ ಹತ್ತಿದಾಗ, ಗಾಡಿಯ ಚಕ್ರ ಏರಿದಾಗ ಅದು ಅವರದಾಯಿತು. ಕನ್ನಡದ ಛಂದಸ್ಸಿಗೆ ಇಳಿದಾಗ ಕನ್ನಡಿಗರದಾಯಿತು.

ಹೊಟ್ಟೆಪಾಡಿನ ಆಕ್ಷೇಪ ಇನ್ನೂ ಉಳಿದಿದೆ. ಮತಾಂತರವಾಗಿ ಜಾತಿಯ ಆಸರೆ ಕಳೆದುಕೊಂಡವರನ್ನು ಮಂಗಳೂರಿನಲ್ಲಿ ಹಿಡಿದು ನಿಲ್ಲಿಸಿದ್ದು ಹಾಡಲ್ಲ, ಮಿಷನ್ನಿನ ನೇಯ್ಗೆ ಕಾರ್ಖಾನೆ ಮತ್ತು 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಎಂದು ಚರಿತ್ರೆ ಬಲ್ಲವರು ಹೇಳುತ್ತಾರೆ. ಕೂಲಿ ಇಲ್ಲದೆ ಮೊದಲ ತಲೆಮಾರು ಉಳಿಯುತ್ತಿರಲಿಲ್ಲ ಎನ್ನುವುದು ದಿಟ. ಹಾಗಾದರೆ ಕಾರ್ಖಾನೆ ಹೋದಾಗ ಸಭೆಯೂ ಹೋಗಬೇಕಿತ್ತು. ಅದರ ಪರೀಕ್ಷೆ 1914ರಲ್ಲಿ ಬಂತು. ಮಹಾಯುದ್ಧ ಆರಂಭವಾದೊಡನೆ ಜರ್ಮನ್ ಪಾದ್ರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟು ಬಳಿಕ ಊರಿಗೆ ಕಳಿಸಿದರು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಪಾದ್ರಿ, ಹಣ, ಕಾರ್ಖಾನೆಯ ಒಡೆತನ ಒಂದೇ ಏಟಿಗೆ ಕಳಚಿಕೊಂಡರೂ ಬಲ್ಮಠದಲ್ಲಿ, ಉಡುಪಿಯಲ್ಲಿ, ಮೂಲ್ಕಿಯಲ್ಲಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಸಭೆಗಳು ಕೂಡುವುದನ್ನು ನಿಲ್ಲಿಸಲಿಲ್ಲ. ಆ ಹೊತ್ತಿಗೆ ಹಾಡುವವರೂ ಕನ್ನಡದವರು, ನಡೆಸುವವರಲ್ಲೂ ಕನ್ನಡದ ಸಭಾಪಾಲಕರಿದ್ದರು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯೊಳಗೆ ಕಾಲಕ್ರಮದಲ್ಲಿ ಇವೆಲ್ಲ ಸೇರಿಕೊಂಡವು. ಲೂಥರ್ ಹೆಸರು ಫಲಕದಲ್ಲಿ ಇಲ್ಲದ ಮೇಲೆ ಇವನ್ನು ಲೂಥರನ್ ಎನ್ನುವುದು ಹೇಗೆ ಎಂದರೆ, ಎನ್ನಬೇಕಾಗಿಲ್ಲ. ಹೆಸರು ಹೋಗಿ ವರ್ಷಕ್ರಮ ಉಳಿದಿದೆ. ಸಂಸ್ಥೆಗಿಂತ ಕ್ರಮ ದೀರ್ಘಾಯು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಷ್ಟನ್ನು ಒಪ್ಪಿದರೆ ಇಂದಿನ ಆಗಮನ ಕಾಲದ ಬಗೆಗೂ ಕೆಲವು ಮಾತು ಒಪ್ಪಬೇಕಾಗುತ್ತದೆ. ನವೆಂಬರ್ ಮುಗಿಯುವ ಮುನ್ನವೇ ಅಂಗಡಿಗಳಲ್ಲಿ ನಕ್ಷತ್ರ ತೂಗುತ್ತದೆ. ಡಿಸೆಂಬರ್ ಎರಡನೆಯ ವಾರಕ್ಕೆ ಮನೆಮನೆಗೆ ಹೋಗಿ ಹಾಡುವ ಗುಂಪುಗಳು ಹುಟ್ಟಿನ ಹಾಡನ್ನೇ ಹಾಡಿ ಮುಗಿಸಿರುತ್ತವೆ. ಹಬ್ಬದ ದಿನಕ್ಕೆ ಹಬ್ಬವೇ ಹಳತಾಗಿರುತ್ತದೆ. ದೊಡ್ಡ ನಗರದ ದೊಡ್ಡ ಚರ್ಚಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಅದಕ್ಕೆ ಜನಸಂದಣಿಯ ಉಬ್ಬರವಿದೆ. ಇಪ್ಪತ್ತು ಮನೆಗಳ ಸಭೆ ಸಂಭ್ರಮದಲ್ಲಿ ನಗರದೊಂದಿಗೆ ಪೈಪೋಟಿ ಮಾಡಹೋದರೆ ಸೋಲು ಖಚಿತ. ಕಾಯುವುದರಲ್ಲಿ ಅದಕ್ಕೆ ಯಾರೂ ಸಾಟಿಯಿಲ್ಲ. ಸೆರೆಮನೆಯಿಂದ ಸಂದೇಹ ಕೇಳಿಸಿದವನ ಪಾಠವನ್ನು ಮೂರನೆಯ ಭಾನುವಾರ ಹತ್ತು ಜನ ಕೂತು ಕೇಳುವುದು, ದೇವದೂತರ ಹಾಡನ್ನು ನಾಲ್ಕು ವಾರ ಬಾಯಿಗೆ ತರದಿರುವುದು, ಇವಕ್ಕೆ ಖರ್ಚಿಲ್ಲ. ಮಕ್ಕಳಿಗೆ ಇದು ಬೇಸರ ತರಿಸದೇ ಎಂದರೆ, ವಿಚೆರ್ನನ ಚಕ್ರ ಹುಟ್ಟಿದ್ದೇ ಬೇಸರಗೊಂಡ ಮಕ್ಕಳಿಗಾಗಿ. ಕಾಯುವುದನ್ನು ಕಣ್ಣಿಗೆ ಕಾಣಿಸಿದರೆ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಕಾಯುತ್ತಾರೆ.

ಕೊನೆಯ ತೊಡಕು ನನ್ನ ವಾದದ ಒಳಗಿನಿಂದಲೇ ಏಳುತ್ತದೆ. ಒಲೆಯ ಮುಂದಿನ ಭಾಷೆಯೇ ಮುಖ್ಯವೆಂದಾದರೆ, ಮಂಗಳೂರು, ಬೆಂಗಳೂರು, ಹೊರದೇಶಗಳ ಕನ್ನಡ ಕ್ರೈಸ್ತ ಮನೆಗಳಲ್ಲಿ ಮಕ್ಕಳು ಇಂಗ್ಲಿಷಿಗೆ ಹೊರಳುತ್ತಿರುವಾಗ ಆರಾಧನೆಯೂ ಇಂಗ್ಲಿಷಿಗೆ ಹೊರಳಬೇಕಾದದ್ದು ನ್ಯಾಯ. ಅದನ್ನು ತಡೆಯುವ ಹಕ್ಕು ಈ ವಾದಕ್ಕೆ ಇಲ್ಲ. ಲ್ಯಾಟಿನ್ನಿನಿಂದ ಜರ್ಮನಿಗೆ, ಜರ್ಮನಿನಿಂದ ಕನ್ನಡಕ್ಕೆ ಆದ ಹೊರಳನ್ನು ಮೆಚ್ಚಿ ಮುಂದಿನ ಹೊರಳಿಗೆ ಮಾತ್ರ ಬಾಗಿಲು ಹಾಕುವುದು ಅನ್ಯಾಯವಾದೀತು. ಆದರೆ ಹಿಂದಿನ ಹೊರಳುಗಳಲ್ಲಿ ದುಡಿಮೆಯಿತ್ತು: ಬೀದಿಯ ಧಾಟಿ ಹುಡುಕಿದರು, ದಾಸರ ಪದ ಕೇಳಿದರು, ಛಂದಸ್ಸು ಕಲಿತರು. ಈಗಿನದು ಬಹುಪಾಲು ಸಿದ್ಧ ಹಾಡುಗಳನ್ನು ಇದ್ದಂತೆಯೇ ಎತ್ತಿಕೊಳ್ಳುವ ಸುಲಭ. ಹಿಮ ಬೀಳುವ ಸಾಲುಗಳನ್ನು ಅವರೆಕಾಯಿಯ ತಿಂಗಳಲ್ಲಿ ಹಾಡುವ ಸುಲಭ. ಹಾಗೆ ಎತ್ತಿಕೊಂಡ ಹಾಡು ಶ್ರೀರಂಗಪಟ್ಟಣದ ಡೇರೆಯ ಹಾಡಿನ ಜಾತಿಯದು, ಹಾಡುವವರು ಎಷ್ಟೇ ಇರಲಿ. ಕನ್ನಡದ ಕೀರ್ತನೆ ಮುಂದಿನ ತಲೆಮಾರಿಗೂ ಬೇಕೆನ್ನುವ ಸಭೆ ಸಭಾಪಾಲಕರ ಕಡೆ, ಸಮಿತಿಯ ಕಡೆ ನೋಡಿ ಪ್ರಯೋಜನವಿಲ್ಲ. ಆಗಮನ ಕಾಲದ ಇರುಳುಗಳಲ್ಲಿ ಊಟಕ್ಕೆ ಮುನ್ನ ಮನೆಯಲ್ಲಿ ಯಾವ ಮಾತಿನಲ್ಲಿ ಪ್ರಾರ್ಥನೆ ನಡೆಯುತ್ತದೋ ಮುಂದಿನ ಐವತ್ತು ವರ್ಷದ ಕ್ರಿಸ್ಮಸ್ ಆ ಮಾತಿನಲ್ಲೇ ನಡೆಯುತ್ತದೆ. ಅದನ್ನು ತೀರ್ಮಾನಿಸುವ ಅಧಿಕಾರ ಮನೆಯವರದು, ಹೊಣೆಯೂ ಅವರದೇ.